ಸತ್ಯವ್ವನ ಕೈಗುಣ

ಹುಬ್ಬಳ್ಳಿಯ ಗಿರಣಿ ಚಾಳಿನ ಕೊನೆಯ ಓಣಿಯಲ್ಲಿ ಒಂದು ಮನೆ ಇತ್ತು. ಹಗಲು ಹೊತ್ತು ಅದರ ತುಂಬ ಕೂಸುಗಳು ಇರುತ್ತಿದ್ದವು, ಆದರೆ ಅಲ್ಲಿಂದ ಅಳುವಿನ ಸದ್ದು ಹೊರಗೆ ಬಂದದ್ದನ್ನು ಯಾರೂ ಕೇಳಿರಲಿಲ್ಲ. ಕೂಸಿದ್ದ ಮನೆ ಅಂದ ಮೇಲೆ ಅಳು ಇರಬೇಕು, ರಂಪ ಇರಬೇಕು, ಗದರಿಸಿ ಗದರಿಸಿ ಯಾರದಾದರೂ ಗಂಟಲು ಬಿದ್ದಿರಬೇಕು. ಈ ಮನೆಯ ಮುಂದೆ ಹಾದು ಹೋಗುವವರಿಗೆ ಕೇಳುತ್ತಿದ್ದದ್ದು ಜೋಳ ಹಸನು ಮಾಡುವ ಮೊರದ ಸಪ್ಪಳ, ಅದರ ಜೊತೆಗೆ ಒಬ್ಬ ಹೆಂಗಸು ತನ್ನಷ್ಟಕ್ಕೆ ಗುನುಗುವ ದನಿ. ಆ ಹೆಂಗಸೇ ಸತ್ಯವ್ವ. ಗಿರಣಿಗೆ ಹೋಗುವ ತಾಯಂದಿರು ಬೆಳಿಗ್ಗೆ ಪಾಳಿಗೆ ಕರೆಯುವ ಭೋಂಗಾ ಕೂಗುವ ಮೊದಲು ತಮ್ಮ ಕೂಸುಗಳನ್ನು ಅವಳ ಪಡಸಾಲೆಯಲ್ಲಿ ಮಲಗಿಸಿ ಹೋಗುತ್ತಿದ್ದರು, ಪಾಳಿ ಮುಗಿದ ಮೇಲೆ ಎತ್ತಿಕೊಂಡು ಹೋಗುತ್ತಿದ್ದರು. ನಡುವಿನ ಹೊತ್ತಿನಲ್ಲಿ ಆ ಮಕ್ಕಳು ಎಲ್ಲಿರುತ್ತಿದ್ದವು ಎಂದರೆ, ಸತ್ಯವ್ವನ ಮನೆಯಲ್ಲಿ ಎನ್ನುವುದು ಅರ್ಧ ಉತ್ತರ. ಉಳಿದರ್ಧವನ್ನು ಕೇಳಲು ಯಾರೂ ಹೋಗುತ್ತಿರಲಿಲ್ಲ.

ಬಳೆಗಾರ ಶರೀಫಸಾಬ ಒಮ್ಮೆ ಆ ಮನೆಯೊಳಗೆ ಹೋಗಿದ್ದ. ಬೇಸಿಗೆಯ ಮಧ್ಯಾಹ್ನ, ಬಾಯಾರಿ ಬಂದು ನೀರು ಕೇಳಿದ್ದ. ಸತ್ಯವ್ವ ಅವನನ್ನು ಒಳಗೆ ಕರೆದು, ಕೂಡ್ರಿಸಿ, ತಂಬಿಗೆ ತರಲು ಅಡುಗೆಮನೆಗೆ ಹೋದಳು. ಪಡಸಾಲೆಯಲ್ಲಿ ಕೌದಿ ಹಾಸಿ ಸಾಲಾಗಿ ಮಲಗಿಸಿದ ಕೂಸುಗಳು. ಮಕ್ಕಳನ್ನು ಕಂಡರೆ ಸುಮ್ಮನಿರುವ ಮನುಷ್ಯನಲ್ಲ ಅವನು. ಹೆಗಲಿನ ಬಳೆಗಂಟು ಮಲಾರದಿಂದ ಒಂದು ಹಿಡಿ ಗಾಜಿನ ಬಳೆ ತೆಗೆದು ಅವುಗಳ ಮುಖದ ಮೇಲೆ ಝಣಝಣ ಅನ್ನಿಸಿದ. ಕೆಲವುಗಳ ಕಣ್ಣು ಮುಚ್ಚಿತ್ತು, ಕೆಲವುಗಳದು ಅರ್ಧ ತೆರೆದಿತ್ತು. ತೆರೆದ ಕಣ್ಣುಗಳು ಬಳೆಯ ಕಡೆ ಹೊರಳಲಿಲ್ಲ. ಅವನು ಬಳೆಗಳನ್ನು ಎಡಕ್ಕೆ ಒಯ್ದ, ಬಲಕ್ಕೆ ಒಯ್ದ. ಒಂದು ಕೂಸಿನ ತುಟಿಯ ಮೇಲೆ ಕೂತಿದ್ದ ನೊಣ ನಿಧಾನಕ್ಕೆ ನಡೆದು ಮೂಗಿನ ತನಕ ಹೋಯಿತು. ಕೂಸು ಮುಖ ಕಿವುಚಲಿಲ್ಲ. ಸತ್ಯವ್ವ ನೀರು ತಂದಾಗ ಶರೀಫಸಾಬ ಎದ್ದು ನಿಂತಿದ್ದ.

“ಕುಡೀರಿ ಸಾಬರ,” ಎಂದಳು.

“ಬ್ಯಾಡವ್ವಾ, ನೀರಡಿಕಿ ಹೋತು,” ಎಂದ ಅವನು.

ಮುಂದೆ ಅವನು ಆ ಓಣಿಗೆ ಬರುವುದನ್ನೇ ಬಿಟ್ಟ. ಚಾಳಿನ ಹೆಂಗಸರು ಬಳೆ ಇಡಿಸಿಕೊಳ್ಳಲು ಹಳೇ ಹುಬ್ಬಳ್ಳಿಯ ತನಕ ನಡೆಯಬೇಕಾಯಿತು. ಮುದುಕನಿಗೆ ಸೊಕ್ಕು ಬಂದಿದೆ ಎಂದು ಬೈದುಕೊಂಡರು.

ಸತ್ಯವ್ವ ಕೆಟ್ಟ ಹೆಂಗಸಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಕಥೆಯಲ್ಲಿ ಕೆಟ್ಟವರು ಬೇಗ ಸಿಕ್ಕುಬಿಟ್ಟರೆ ಕೇಳುವವರು ನಿಶ್ಚಿಂತೆಯಿಂದ ಮಲಗಿಬಿಡುತ್ತಾರೆ. ಅವಳು ಧಾರವಾಡದ ಹತ್ತಿರದ ಗರಗದವಳು, ತಾಯಿಯ ಮಗ್ಗುಲಲ್ಲಿ ಕೂತು ನೂಲು ತೆಗೆಯುತ್ತ ಬೆಳೆದವಳು. ಎಳೆ ಹರಿಯದಂತೆ ಎಳೆಯುವ ತಾಳ್ಮೆ ಅವಳ ಬೆರಳಲ್ಲಿತ್ತು. ಆ ತಾಳ್ಮೆಯನ್ನೇ ಮೆಚ್ಚಿ ಹುಬ್ಬಳ್ಳಿಯ ಗಿರಣಿಯಲ್ಲಿ ದುಡಿಯುತ್ತಿದ್ದ ಹನುಮಂತಪ್ಪನಿಗೆ ತಂದುಕೊಂಡರು. ಊರಿಗೆ ಊರೇ ಜ್ವರ ಹಿಡಿದು ಮಲಗಿದ ವರ್ಷ ಹನುಮಂತಪ್ಪ ಹೋದ. ಆಗ ಮಗಳು ರೇಣವ್ವ ಬಾಣಂತಿಕೋಣೆಯ ಕೂಸು. ಅತ್ತು ಹಗುರಾಗಲೂ ಪುರುಸೊತ್ತಿಲ್ಲದೆ ಸತ್ಯವ್ವ ಅದೇ ಗಿರಣಿಯಲ್ಲಿ ನೂಲು ಸುತ್ತುವ ಕೆಲಸಕ್ಕೆ ಸೇರಿದಳು. ಕೂಸನ್ನು ಈ ಮನೆಯಲ್ಲೇ ಬಿಟ್ಟು ಹೋಗುತ್ತಿದ್ದಳು. ಆಗ ಇಲ್ಲಿ ಅಕ್ಕವ್ವ ಎಂಬ ಮುದುಕಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು.

ರೇಣವ್ವ ಅಳುತ್ತಿರಲಿಲ್ಲ. ಹಸಿವಾದರೂ ಅಳುತ್ತಿರಲಿಲ್ಲ, ಬಿದ್ದರೂ ಅಳುತ್ತಿರಲಿಲ್ಲ. ತಡವಾಗಿ ಕೂತಳು, ತಡವಾಗಿ ನಡೆದಳು, ಮಾತು ಬಂದ ಮೇಲೂ ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಳು. ಚಾಳಿನವರೆಲ್ಲ ಹಾಡಿ ಹೊಗಳಿದರು. ಮಗು ಅಂದರೆ ಹೀಗಿರಬೇಕು, ಇದ್ದದ್ದೇ ಗೊತ್ತಾಗಬಾರದು ಎಂದರು. ಒಂದು ದಿನ ಆ ಪುಟ್ಟ ಹುಡುಗಿ ಕಾದ ಹಂಚಿನ ಮೇಲೆ ಅಂಗೈ ಇಟ್ಟುಬಿಟ್ಟಿತು. ಇಟ್ಟ ಕೈಯನ್ನು ತೆಗೆಯದೆ, ಬೇರೆ ಯಾರದೋ ಕೈ ಎಂಬಂತೆ ನೋಡುತ್ತ ಕೂತಿತು. ಹಿತ್ತಲಿನಲ್ಲಿದ್ದ ಸತ್ಯವ್ವ ಸುಟ್ಟ ವಾಸನೆಗೆ ಓಡಿ ಬಂದಳು. ಮಗಳ ಬಾಯಿಂದ ಪಿಟ್ಟೆಂಬ ಸದ್ದೂ ಹೊರಟಿರಲಿಲ್ಲ. ಅವತ್ತು ಸತ್ಯವ್ವ ಮಗಳ ಮುಖವನ್ನು ಎರಡೆರಡು ಸಲ ನೋಡಿದ್ದು ನಿಜ. ಆದರೆ ಅಂಗೈಗೆ ಎಣ್ಣೆ ಹಚ್ಚುತ್ತ ಅವಳು ಅಂದದ್ದು ಮಾತ್ರ, “ಭಾಳ ಗಟ್ಟಿ ಅದಾಳ ನನ್ನ ಮಗಳು” ಎಂದು.

ಹತ್ತಿಯ ಧೂಳು ಎದೆಗೆ ಕೂತು ಕೆಮ್ಮು ಹತ್ತಿದಾಗ ಸತ್ಯವ್ವ ಗಿರಣಿ ಬಿಡಬೇಕಾಯಿತು. ಅಕ್ಕವ್ವನ ಕಣ್ಣು ಆಗ ಮಬ್ಬಾಗಿತ್ತು. ಮುದುಕಿ ಅವಳನ್ನು ಹತ್ತಿರ ಕೂಡ್ರಿಸಿಕೊಂಡು ಕೆಲಸ ಕಲಿಸಿದಳು. ಕಿರುಬೆರಳಿನ ಉಗುರನ್ನು ಉದ್ದ ಬೆಳೆಸಬೇಕು. ಕರಿ ಗುಳಿಗೆಯನ್ನು ಆ ಉಗುರಿನಿಂದ ಚಿವುಟಿ, ಚೂರನ್ನು ಉಗುರಿನ ಒಳಗೇ ಹಿಡಿದು, ಬೆರಳಿಗೆ ಬೆಲ್ಲದ ನೀರು ಸವರಿ ಕೂಸಿನ ಬಾಯಿಗಿಡಬೇಕು. ಕೂಸು ಚೀಪುತ್ತದೆ, ಚೀಪುತ್ತ ಚೀಪುತ್ತ ಕಣ್ಣು ಮೇಲೆ ಹೋಗುತ್ತದೆ. ಅಷ್ಟಾದ ಮೇಲೆ ಸಂಜೆಯ ತನಕ ಚಿಂತೆಯಿಲ್ಲ. ಆ ಗುಳಿಗೆ ಅಫೀಮಿನದು. ಆದರೆ ಚಾಳಿನಲ್ಲಿ ಆ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಅಫೀಮು ಅಂದರೆ ಚಾವಡಿ ಕಟ್ಟೆಯ ಮೇಲೆ ಕೂತು ಜೊಲ್ಲು ಸುರಿಸುತ್ತ ತೂಕಡಿಸುವ ಮನೆಹಾಳರ ಚಟ. ಇದು ಬರೀ ಗುಳಿಗೆ, ಕೂಸಿನ ಹೊಟ್ಟೆಗೆ ತಂಪು. ಕುಬೇರಪ್ಪನ ಕಿರಾಣಿ ಅಂಗಡಿಯಲ್ಲಿ ಓಮ, ಬಜೆ, ಜಾಯಿಕಾಯಿಗಳ ಸಾಲಿನಲ್ಲೇ ಅದರ ಡಬ್ಬಿಯೂ ಇರುತ್ತಿತ್ತು. ಹಣೆ ತುಂಬ ವಿಭೂತಿ ಧರಿಸಿ, ಇಷ್ಟಲಿಂಗ ಪೂಜೆ ಮುಗಿಸಿ ಬಂದು ಅವನು ಅದನ್ನು ಕಟ್ಟಿ ಕೊಡುತ್ತಿದ್ದ. ಕಾಯದೆಭಂಗ ಚಳವಳಿಯ ವರ್ಷ ಖಾದಿಯ ಹುಡುಗರು ಸಾರಾಯಿ ಮಾರುವ ಶೆರೆ ಅಂಗಡಿಯ ಮುಂದೆ ಅಡ್ಡ ಮಲಗಿದರು, ಲಾಠಿ ತಿಂದರು. ಕುಬೇರಪ್ಪನ ಅಂಗಡಿಯ ಮುಂದೆ ಯಾರೂ ಮಲಗಲಿಲ್ಲ.

ಅಕ್ಕವ್ವ ತೀರಿದ ಮೇಲೆ ಮನೆ ಸತ್ಯವ್ವನದಾಯಿತು. ಒಬ್ಬ ಹೊಸ ತಾಯಿ, ಕೂಸು ಇಷ್ಟು ತಣ್ಣಗೆ ಮಲಗುತ್ತದಲ್ಲ, ಏನು ಮಾಡುತ್ತೀರಿ ಎಂದು ಕೇಳಿದಾಗ ಸತ್ಯವ್ವನ ಬಾಯಿಗೆ ಒಂದು ಉತ್ತರ ತಾನಾಗಿ ಬಂತು. “ನಾ ಏನ್ ಮಾಡತೇನಿ ತಾಯಿ. ಕೈಯಾಗ ತಗೊಂಡು ನಾಕು ಸಾಲು ಹಾಡತೇನಿ, ಮಲಗತಾವು” ಎಂದಳು. ಆ ತಾಯಿ ಅದನ್ನು ಹತ್ತು ಜನಕ್ಕೆ ಹೇಳಿದಳು. ಸತ್ಯವ್ವನ ಕೈಗುಣ ಎಂಬ ಮಾತು ಹುಟ್ಟಿದ್ದು ಹಾಗೆ. ಅವಳ ಕೈಯಲ್ಲಿ ದೇವರಿದ್ದಾನೆ ಎಂದರು. ರಾಯಾಪುರದಿಂದ ಒಬ್ಬಾಕೆ ತನ್ನ ಹಟಮಾರಿ ಕೂಸನ್ನು ಬರೀ ಅವಳ ಕೈ ಸೋಕಿಸಲಿಕ್ಕೆ ಹೊತ್ತು ತಂದಳು.

ಅಮಲೇರಿಸುವ ಸರಕು ಡಬ್ಬಿಯಲ್ಲಿ ಮಾತ್ರ ಇರುತ್ತದೆ ಎಂದು ತಿಳಿದವರು ಸತ್ಯವ್ವನನ್ನು ನೋಡಬೇಕಿತ್ತು. ಗಂಡನಿಲ್ಲದ, ಗತಿಯಿಲ್ಲದ ಹೆಂಗಸಿಗೆ ಆ ಹೊಗಳಿಕೆ ನರನರಕ್ಕೂ ಇಳಿಯಿತು. ಮೊದಮೊದಲು ಸಂಕೋಚವಾಗುತ್ತಿತ್ತು, ಆಮೇಲೆ ರೂಢಿಯಾಯಿತು, ಕೊನೆಗೆ ಅದಿಲ್ಲದೆ ಬೆಳಗಾಗದು ಎಂಬಂತಾಯಿತು. ವರ್ಷಗಳು ಹೋದಂತೆ ಅವಳೇ ಅದನ್ನು ನಂಬಿಬಿಟ್ಟಳು. ಗುಳಿಗೆ ಒಂದು ನೆಪ, ಮಲಗಿಸುವುದು ತನ್ನ ಕೈ. ಉಗುರಿನ ಚೂರನ್ನು ಬಾಯಿಗಿಡುವಾಗ ಅವಳು ಆ ಕಡೆ ನೋಡುತ್ತಲೇ ಇರಲಿಲ್ಲ. ಕೈ ತನ್ನ ಕೆಲಸ ಮಾಡುತ್ತಿತ್ತು, ಬಾಯಿ ಹಾಡುತ್ತಿತ್ತು.

ಒಮ್ಮೆ ಗಿರಣಿಯ ಮುಂದಿನ ಬಯಲಿನಲ್ಲಿ ಕೂಲಿಕಾರರ ಸಭೆ ನಡೆಯಿತು. ಧಾರವಾಡದಿಂದ ಬಂದ ತರುಣನೊಬ್ಬ ಮೇಜಿನ ಮೇಲೆ ಹತ್ತಿ ನಿಂತು ಜೋರಾಗಿ ಮಾತಾಡುತ್ತಿದ್ದ. ಸತ್ಯವ್ವ ಹೆಂಗಸರ ಗುಂಪಿನಲ್ಲಿ ಹಿಂದೆ ಕೂತಿದ್ದಳು. “ನಿಮಗ ಅಫೀಮು ತಿನ್ನಿಸಿ ಮಲಗಿಸ್ಯಾರ” ಎಂದು ಅವನು ಕೈ ಎತ್ತಿ ಕೂಗಿದ. ಸತ್ಯವ್ವ ತನ್ನ ಮುಖದ ನೀರಿಳಿದದ್ದನ್ನು ಯಾರಾದರೂ ನೋಡಿದರೇ ಎಂದು ಸುತ್ತ ನೋಡಿದಳು. ಅವನ ಬೆರಳು ಅವಳ ಕಡೆ ಇರಲಿಲ್ಲ. ಅವನು ಹೇಳುತ್ತಿದ್ದದ್ದು ದೊರೆಗಳ ವಿಷಯ, ಮಾಲಕರ ವಿಷಯ, ಜನ ಎಲ್ಲವನ್ನೂ ಹಣೆಬರಹ ಎಂದು ಸಹಿಸಿಕೊಳ್ಳುವ ವಿಷಯ. ಏಳಿ, ಎಚ್ಚರಾಗಿ ಎಂದ. ಹೆಂಗಸರು ಕೈ ನೋಯುವ ಹಾಗೆ ಚಪ್ಪಾಳೆ ತಟ್ಟಿದರು. ಅವರ ಮಡಿಲಲ್ಲಿ, ಹೆಗಲಲ್ಲಿ ಇದ್ದ ಕೂಸುಗಳಲ್ಲಿ ಒಂದೂ ಬೆಚ್ಚಲಿಲ್ಲ. ಅಷ್ಟು ಗದ್ದಲದಲ್ಲಿ ಅವು ಹಾಗೇ ಕತ್ತು ಜೋಲಿಸಿ ಮಲಗಿದ್ದವು, ಮೇಜಿನ ಮೇಲಿದ್ದವನು ಅದನ್ನು ಗಮನಿಸಲಿಲ್ಲ.

ಸತ್ಯವ್ವ ಯಾರಿಗೂ ಹೇಳದ ಇನ್ನೊಂದು ಸಂಗತಿ ಇತ್ತು. ಮಧ್ಯಾಹ್ನ ಎಲ್ಲ ಸುಮ್ಮನಾದ ಹೊತ್ತಿನಲ್ಲಿ ಅವಳಿಗೆ ಒಂದು ಕೂಸು ಅಳುವುದು ಕೇಳುತ್ತಿತ್ತು. ಎಲ್ಲೋ ಗೋಡೆಯ ಆಚೆ, ಅಟ್ಟದ ಮೇಲಿನ ಮಣ್ಣಿನ ಹರಿವಿಯ ಒಳಗೆ, ಬಾಗಿಲ ಸಂದಿಯಲ್ಲಿ. ಎದ್ದು ಹೋಗಿ ನೋಡಿದರೆ ಏನೂ ಇರುತ್ತಿರಲಿಲ್ಲ. ಪಡಸಾಲೆಯ ಮಕ್ಕಳ ಬಾಯಿಗೆ ಕಿವಿ ಹಚ್ಚಿ ನೋಡುತ್ತಿದ್ದಳು, ಅವು ಮಲಗಿರುತ್ತಿದ್ದವು. ಆ ಅಳು ಮೊದಲು ಅವಳನ್ನು ಹೆದರಿಸಿತು. ಆಮೇಲೆ ಗಡಿಯಾರದ ಟಿಕ್ ಟಿಕ್ಕಿಗೆ ಒಗ್ಗುವಂತೆ ಒಗ್ಗಿಕೊಂಡಳು. ಅದು ಕೇಳುತ್ತಿರುವ ತನಕ ಎಲ್ಲ ಸರಿಯಿದೆ ಎಂದು ಮನಸ್ಸಿಗೆ ಹೇಗೋ ಖಾತ್ರಿಯಾಗಿತ್ತು.

ರೇಣವ್ವನನ್ನು ಗಬ್ಬೂರಿಗೆ ಕೊಟ್ಟಿತ್ತು. ದನಿ ಎತ್ತದ ಸೊಸೆ ಎಂದು ಅಲ್ಲಿಯವರೂ ಮೊದಲು ಹೊಗಳಿದರು. ಬಡಿದರೂ ಅಳದವಳು ಎಂದು ಗೊತ್ತಾದ ಮೇಲೆ ಬಡಿಯುವ ಕೈಗೆ ಲಗಾಮೇ ಇಲ್ಲದಾಯಿತು. ಒಂದು ದಿನ ಅವಳು ಸೊಂಟದ ಮೇಲೆ ಕೂಸನ್ನಿಟ್ಟುಕೊಂಡು ತಾಯಿಯ ಬಾಗಿಲಿಗೆ ಬಂದು ನಿಂತಳು. ಯಾಕೆ ಬಂದೆ ಎಂದು ಕೇಳಿದರೆ, “ಹೋಗು ಅಂದ್ರು, ಬಂದೆ” ಎಂದಳು. ಅದರ ಮೇಲೆ ಒಂದು ಮಾತಿಲ್ಲ, ಒಂದು ಹನಿ ಕಣ್ಣೀರಿಲ್ಲ. ಮೈಮೇಲಿನ ಬರೆಗಳನ್ನು ಸತ್ಯವ್ವ ಎಣ್ಣೆ ಹಚ್ಚುವಾಗಲೇ ಕಂಡದ್ದು. ವಾರದೊಳಗೆ ರೇಣವ್ವ ಗಿರಣಿಗೆ ಹೋಗತೊಡಗಿದಳು.

ಕೂಸಿನ ಹೆಸರು ಬೀರಲಿಂಗಪ್ಪ, ಕರೆಯುವುದು ಬೀರ್ಯಾ. ಆ ಕೂಸು ಅಳುತ್ತಿತ್ತು. ತಾಯಿ ಹೊಸ್ತಿಲು ದಾಟಿದರೆ ಅಳು, ಹಾಲು ತಣ್ಣಗಿದ್ದರೆ ಅಳು, ಕಾಗೆ ಹಾರಿ ಹೋದರೆ ಅಳು. ಕೆಂಪಗೆ ಬಾಯಿ ತೆರೆದು, ಮುಷ್ಟಿ ಕಟ್ಟಿ, ಉಸಿರುಗಟ್ಟುವ ತನಕ ಒದರುತ್ತಿತ್ತು. ಅಷ್ಟು ವರ್ಷ ಮಕ್ಕಳ ನಡುವೆಯೇ ಬದುಕಿದ ಸತ್ಯವ್ವನಿಗೆ ಮಗುವಿನ ಅಳು ಹೊಸದು. ಅವಳು ಅವನನ್ನು ಎತ್ತಿಕೊಂಡು ತಿರುಗಾಡಿದಳು, ಕಾಗೆ ತೋರಿಸಿದಳು, ಬೆವರಿದಳು, ಸೋತಳು, ಮತ್ತು ಜೀವನದಲ್ಲಿ ಎಂದೂ ಪಡದಷ್ಟು ಸಂತೋಷ ಪಟ್ಟಳು. ಅತ್ತು ಅತ್ತು ಅವನು ತಟ್ಟನೆ ನಗುತ್ತಿದ್ದ. ಆ ನಗುವನ್ನು ನೋಡುತ್ತ ಅವಳು, ಇವನ ಬಾಯಿಗೆ ಮಾತ್ರ ಈ ಉಗುರು ಇಡುವುದಿಲ್ಲ ಎಂದು ನಿರ್ಧಾರ ಮಾಡಿದಳು.

ಆದರೆ ಆ ಅಳು ಓಣಿಗೆ ಕೇಳುತ್ತಿತ್ತು. ಸಂಜೆ ಮಗಳನ್ನು ಎತ್ತಿಕೊಳ್ಳಲು ಬಂದ ದೇವಕ್ಕ, ಬಾಯಿ ಬಿಟ್ಟರೆ ನಗಿಸುವ ಹೆಂಗಸು, ಎಲ್ಲರ ಮುಂದೆ ಕೇಳಿದಳು:

“ಏನ್ರಿ ಆಯಿ, ಊರ ಕೂಸೆಲ್ಲಾ ನಿಮ್ಮ ಕೈಯಾಗ ಗಪ್ಪಗಿರತಾವು. ನಿಮ್ಮ ಮೊಮ್ಮಗ ಒಬ್ಬನ ಹಿಂಗ್ಯಾಕ ಒದರತಾನ? ಅವಗ ಕೈಗುಣ ಹತ್ತೂದಿಲ್ಲೇನ್ರಿ?”

ಹೆಂಗಸರು ನಕ್ಕರು. ಸತ್ಯವ್ವನೂ ನಕ್ಕಳು. ಬಾಗಿಲಲ್ಲಿ ನಿಂತಿದ್ದ ರೇಣವ್ವ ಮಾತ್ರ ನೆಲ ನೋಡುತ್ತಿದ್ದಳು. ಸ್ವಂತ ಮೊಮ್ಮಗನನ್ನು ಸುಮ್ಮನಾಗಿಸದ ಕೈ, ಉಳಿದವರ ಮಕ್ಕಳನ್ನು ಸುಮ್ಮನಾಗಿಸುವುದು ಹೇಗೆ? ಯಾರೂ ಹಾಗೆ ಕೇಳಲಿಲ್ಲ. ಸತ್ಯವ್ವನಿಗೆ ಮಾತ್ರ ಪ್ರತಿಯೊಬ್ಬಳ ಕಣ್ಣಿನಲ್ಲೂ ಆ ಪ್ರಶ್ನೆ ಕಂಡಿತು.

ಮರುದಿನ ಬೆಳಿಗ್ಗೆ ರೇಣವ್ವ ಕೂಸನ್ನು ಎತ್ತಿಕೊಂಡು ಬಾವಿಕಟ್ಟೆಯ ಕಡೆ ಹೋಗಿ ಬಂದಳು, ತಾಯಿಯ ಕೈಗೆ ಕೊಟ್ಟಳು, ಗಿರಣಿಗೆ ಹೋದಳು. ಬೀರ್ಯಾ ಎಂದಿನಂತೆ ಒದರತೊಡಗಿದ. ಉಳಿದ ಮಕ್ಕಳಿಗೆಲ್ಲ ಹಾಕಿ ಆದ ಮೇಲೆ ಸತ್ಯವ್ವ ಗುಳಿಗೆಯ ಡಬ್ಬಿಯನ್ನು ಮುಚ್ಚದೆ ಸ್ವಲ್ಪ ಹೊತ್ತು ಕೂತಳು. ಒಂದೇ ದಿನ, ಓಣಿಯವರ ಬಾಯಿ ಮುಚ್ಚಲಿ ಎಂದುಕೊಂಡಳು. ಎಂದೂ ಹಾಕದಷ್ಟು ಸಣ್ಣ ಚೂರು ಚಿವುಟಿ, ಈ ಸಲ ಆ ಕಡೆ ನೋಡುತ್ತಲೇ, ಮೊಮ್ಮಗನ ಬಾಯಿಗೆ ಬೆರಳಿಟ್ಟಳು. ಅವನು ನಂಬಿಗೆಯಿಂದ ಚೀಪಿದ. ಅವಳು ಹಾಡಲಿಲ್ಲ.

ಮಧ್ಯಾಹ್ನ ಒಳಲೆಯಲ್ಲಿ ಹಾಲು ಹಾಕಲು ಮಕ್ಕಳನ್ನು ಒಂದೊಂದಾಗಿ ಎತ್ತಿದಳು. ಅವು ಅರ್ಧ ನಿದ್ದೆಯಲ್ಲೇ ನುಂಗುತ್ತಿದ್ದವು, ಅದು ದಿನದ ರೀತಿ. ಬೀರ್ಯಾ ನುಂಗಲಿಲ್ಲ. ಹಾಲು ಕಟವಾಯಿಯಿಂದ ಇಳಿದು ಕಿವಿಯ ಹಿಂದೆ ಹೋಯಿತು. ಎತ್ತಿದರೆ ಕತ್ತು ಹಿಂದಕ್ಕೆ ಬಿತ್ತು. ತುಟಿಗಳು ನೇರಳೆ ತಿಂದವರ ತುಟಿಯಂತಿದ್ದವು. ಮೂಗಿನ ಹತ್ತಿರ ಬೆರಳು ಹಿಡಿದಳು. ಒಂದು ಉಸಿರು ಬಂತು. ಇನ್ನೊಂದಕ್ಕೆ ಕಾದಳು. ಬರುವುದೇ ಇಲ್ಲ ಎಂದುಕೊಂಡಾಗ ಅದು ಬಂತು.

ಆಗ ಅವಳಿಗೆ ಇನ್ನೊಂದು ಅರಿವಾಯಿತು. ಗೋಡೆಯ ಆಚೆಯ ಆ ಅಳು ಇವತ್ತು ಇರಲಿಲ್ಲ. ಹರಿವಿಯಲ್ಲೂ ಇಲ್ಲ, ಬಾಗಿಲ ಸಂದಿಯಲ್ಲೂ ಇಲ್ಲ. ಮನೆ ಪೂರಾ ಸುಮ್ಮನಾಗಿತ್ತು.

ಅವಳು ಬೀರ್ಯಾನನ್ನು ಎದೆಗೆ ಅವಚಿಕೊಂಡು, ಉಳಿದ ಕೂಸುಗಳನ್ನು ಹಾಗೇ ಬಿಟ್ಟು, ಕುಬೇರಪ್ಪನ ಅಂಗಡಿಗೆ ಓಡಿದಳು. ಅಂಗಡಿಯಲ್ಲಿ ಗಿರಾಕಿಗಳಿದ್ದರು.

“ಇಂಗು ಕೊಡ್ರಿ,” ಎಂದಳು.

ಕುಬೇರಪ್ಪ ಅವಳನ್ನು ನೋಡಿದ, ಅವಳ ಎದೆಯ ಮೇಲಿನ ಗಂಟನ್ನು ನೋಡಿದ. ಏನಾಯಿತು ಎಂದು ಕೇಳಲಿಲ್ಲ. ಗುಳಿಗೆಯ ಅಮಲು ಏರಿದರೆ ಇಂಗು ಇಳಿಸುತ್ತದೆ ಎಂದು ಆ ಕಡೆ ಎಲ್ಲರಿಗೂ ಗೊತ್ತು. ಒಂದು ಉಂಡೆ ಇಂಗನ್ನು ಎಲೆಯಲ್ಲಿ ಸುತ್ತಿ ಅವಳ ಕೈಗಿಟ್ಟು ದನಿ ತಗ್ಗಿಸಿದ.

“ಮಜ್ಜಿಗ್ಯಾಗ ತೇದು ನಾಲಿಗಿಗೆ ಹಚ್ಚರಿ. ಮಲಗಾಕ ಬಿಡಬ್ಯಾಡ್ರಿ. ದವಾಖಾನಿಗೆ ಒಯ್ದ್ರ ಒಯ್ರಿ, ಆದ್ರ ಏನು ಕೊಟ್ಟೀರಿ ಅಂತ ಅವರು ಕೇಳತಾರ. ನೋಡ್ರಿ ಮತ್ತ.” ಆಮೇಲೆ ಗಿರಾಕಿಗಳ ಕಡೆ ತಿರುಗಿ ಬೆಲ್ಲ ತೂಗತೊಡಗಿದ.

ರಸ್ತೆಯಲ್ಲಿ ಅವಳು ನಿಂತಳು. ಒಂದು ಕಡೆ ದವಾಖಾನೆ, ಇನ್ನೊಂದು ಕಡೆ ಮನೆ. ಡಾಕ್ಟರ್ ಕೇಳಿದರೆ ಹೇಳಬೇಕಾದ ಮಾತನ್ನು ಅವಳು ಅಲ್ಲೇ ಬಾಯಲ್ಲಿ ಹೊರಳಿಸಿ ನೋಡಿದಳು. ಆ ಹೆಸರು ನಾಲಿಗೆಯ ಮೇಲೆ ಬರಲಿಲ್ಲ. ಅದನ್ನು ಒಮ್ಮೆ ಅಂದರೆ ಸಾಕು, ಅಷ್ಟೂ ವರ್ಷದ ಕೈಗುಣ ಅಲ್ಲೇ ಉದುರಿ ಬೀಳುತ್ತಿತ್ತು. ಪೊಲೀಸರು ಬರುತ್ತಿದ್ದರು, ತಾಯಂದಿರು ಬರುತ್ತಿದ್ದರು. ಅವಳು ಮನೆಯ ಕಡೆ ತಿರುಗಿದಳು. ಆ ತಿರುವಿನಲ್ಲಿ ಮೊಮ್ಮಗನ ಜೀವಕ್ಕಿಂತ ತನ್ನ ಹೆಸರನ್ನು ದೊಡ್ಡದು ಮಾಡಿಕೊಂಡೆ ಎನ್ನುವುದು ಅವಳಿಗೆ ನಡೆಯುವಾಗಲೇ ಗೊತ್ತಿತ್ತು, ಕಾಲು ಮಾತ್ರ ನಿಲ್ಲಲಿಲ್ಲ.

ಇಂಗು ತೇದು ನಾಲಿಗೆಗೆ ಹಚ್ಚಿದಳು. ಅಂಗಾಲಿಗೆ ಬೆರಳಿನಿಂದ ಹೊಡೆದಳು. ಮುಖಕ್ಕೆ ತಣ್ಣೀರು ಚಿಮುಕಿಸಿದಳು, ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದಳು. ಎತ್ತಿಕೊಂಡು ಪಡಸಾಲೆಯ ಆ ತುದಿಯಿಂದ ಈ ತುದಿಗೆ ತಿರುಗಿದಳು. “ಅಳೋ ಬೀರ್ಯಾ, ಅಳೋ ನನ್ನಪ್ಪಾ, ಒಮ್ಮೆ ಒದರಿಬಿಡೋ” ಎಂದು ಅಂಗಲಾಚಿದಳು. ಹಟ ಮಾಡಿದವನಿಗೆ ಚಿವುಟುವ ಹಾಗೆ ತೊಡೆ ಚಿವುಟಿದಳು. ಮಕ್ಕಳನ್ನು ಸುಮ್ಮನಾಗಿಸುವುದೊಂದೇ ಬದುಕಾಗಿದ್ದವಳು ಒಂದು ಅಳುವಿಗಾಗಿ ದೇವರ ಮುಂದೆ ಸೆರಗೊಡ್ಡಿದಳು. ತಿರುಗುವಾಗಲೆಲ್ಲ ನೆಲದ ಮೇಲಿನ ಕೂಸುಗಳು ಕಣ್ಣಿಗೆ ಬೀಳುತ್ತಿದ್ದವು. ಅವು ತಮ್ಮ ಅರ್ಧ ತೆರೆದ ಕಣ್ಣುಗಳಿಂದ ತನ್ನನ್ನೇ ನೋಡುತ್ತಿವೆ, ತಾನು ಬೇಡುವುದನ್ನು ಕೇಳುತ್ತಿವೆ ಅನ್ನಿಸಿತು. ಅವುಗಳ ಮುಖಗಳು ಮುದುಕರ ಮುಖಗಳಾಗಿದ್ದವು. ಇಷ್ಟು ದಿನ ಅದು ಅವಳಿಗೆ ಹೇಗೆ ಕಾಣಲಿಲ್ಲವೋ.

ಪಾಳಿ ಬಿಟ್ಟು ತಾಯಂದಿರು ಬಂದರು. ಮನೆ ತುಂಬ ಇಂಗಿನ ವಾಸನೆ. ಸತ್ಯವ್ವ ತಿರುಗುವುದನ್ನು ನಿಲ್ಲಿಸಲಿಲ್ಲ. ಅವರಲ್ಲಿ ಯಾರೂ ಏನಾಯಿತು ಎಂದು ಕೇಳಲಿಲ್ಲ. ಒಬ್ಬೊಬ್ಬಳೂ ತನ್ನ ಕೂಸನ್ನು ಎತ್ತಿಕೊಂಡು, ಮೂಗಿನ ಹತ್ತಿರ ಕೈ ಹಿಡಿದು ನೋಡಿ, ಸದ್ದಿಲ್ಲದೆ ಹೋದಳು. ಕೊನೆಗೆ ರೇಣವ್ವ ಬಂದಳು. ತಲೆಯ ಮೇಲಿನ ಹತ್ತಿಯ ಎಳೆಗಳನ್ನು ಕೂಡ ತೆಗೆಯದೆ ಮೂಲೆಯಲ್ಲಿ ಕೂತಳು.

“ಒಂದ ಚೂರು ಹಾಕಿದ್ದೆ ಮಗಳ,” ಎಂದಳು ಸತ್ಯವ್ವ. “ಉಗುರಿಗೆ ಹತ್ತೂವಷ್ಟ. ಅಷ್ಟಕ್ಕ ಹಿಂಗ್ಯಾಕ ಆತೋ.”

“ನಾನೂ ಹಾಕಿದ್ದೆ,” ಎಂದಳು ರೇಣವ್ವ.

ಸತ್ಯವ್ವ ನಿಂತುಬಿಟ್ಟಳು.

“ನಿನ್ನ ಡಬ್ಬ್ಯಾಗಿಂದ ತಗೊಂಡು ಮುಂಜಾನಿ ಬಾವಿ ಕಡೆ ಹೋದಾಗ ಹಾಕಿದೆ. ನಿನ್ನೆ ದೇವಕ್ಕ ಹಂಗಂದಳಲ್ಲ. ನೀ ಇವಗ ಹಾಕೂದಿಲ್ಲ ಅಂತ ಗೊತ್ತಿತ್ತು. ನಿನ್ನ ಹೆಸರು ಕೆಡಬಾರದು ಅಂತ ನಾನ ಹಾಕಿದೆ.”

“ನಾ ಉಳದವಕ್ಕ ಹಾಕೂದು ನಿನಗ ಹೆಂಗ ಗೊತ್ತು?”

“ನಾ ಈ ಮನ್ಯಾಗ ಬೆಳದಾಕಿ ಅಲ್ಲೇನಬೇ,” ಎಂದಳು ರೇಣವ್ವ. ಅದರಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟು ಇದ್ದಿದ್ದರೆ ಸತ್ಯವ್ವ ಬದುಕಿಕೊಳ್ಳುತ್ತಿದ್ದಳು.

ದೀಪ ಹಚ್ಚುವ ಹೊತ್ತಿಗೆ ಬೀರ್ಯಾನ ಹೊಟ್ಟೆ ಒಮ್ಮೆ ನಡುಗಿತು. ಬಾಯಿಂದ ಮಜ್ಜಿಗೆ ಹೊರಗೆ ಬಂತು. ಮುಖ ಕ್ರಮೇಣ ಕಿವುಚಿಕೊಂಡಿತು, ಮತ್ತೆ ಒಂದು ತೆಳ್ಳನೆಯ, ಹರಿದ ಎಳೆಯಂಥ ಅಳು ಹೊರಟಿತು. ಸತ್ಯವ್ವ ಅವನನ್ನು ಎದೆಗೊತ್ತಿಕೊಂಡು ನೆಲದ ಮೇಲೆ ಕುಸಿದು ಗಟ್ಟಿಯಾಗಿ ಅತ್ತಳು. ಗಂಡ ಸತ್ತಾಗ ಅಳದೆ ಉಳಿದದ್ದೂ ಅದರಲ್ಲಿ ಸೇರಿತ್ತು. ಅಳು ಜೋರಾಗುತ್ತಿದ್ದಂತೆ ರೇಣವ್ವ ಮೂಲೆಯಿಂದ ಎದ್ದು ಬಂದಳು. ಹಂಚಿನ ಕಲೆಯಿದ್ದ ಅಂಗೈಯನ್ನು ಮಗನ ಬಾಯಿಯ ಮೇಲೆ ಮೆಲ್ಲಗೆ ಮುಚ್ಚಿದಳು.

“ಗಪ್, ಗಪ್,” ಎಂದಳು. “ಮಂದಿ ಕೇಳತಾರ.”

ಸತ್ಯವ್ವ ಆ ಕೈಯನ್ನು ಕಿತ್ತು ತೆಗೆದಳು. ಮಗಳ ಮುಖ ನೋಡಿದಳು. ಆ ಮುಖದಲ್ಲಿ ಭಯವೂ ಇರಲಿಲ್ಲ, ಸಂತೋಷವೂ ಇರಲಿಲ್ಲ. ಮೊಮ್ಮಗ ಎಚ್ಚರಾಗಿದ್ದ. ಅವನ ತಾಯಿಯನ್ನು ಎಚ್ಚರಿಸಲು ಯಾವ ಅಂಗಡಿಯ ಇಂಗು ತರಬೇಕೆಂದು ಸತ್ಯವ್ವನಿಗೆ ತಿಳಿಯಲಿಲ್ಲ.

ಬೆಳಿಗ್ಗೆ ಅವಳು ಕಿರುಬೆರಳಿನ ಉಗುರನ್ನು ಈಳಿಗೆಯಿಂದ ಕತ್ತರಿಸಿದಳು. ಕೌದಿ ಹಾಸಲಿಲ್ಲ. ತಾಯಂದಿರು ಕೂಸುಗಳನ್ನು ಹೊತ್ತು ಬಂದಾಗ ಹೊಸ್ತಿಲಲ್ಲಿ ಅಡ್ಡ ನಿಂತಳು. ಬೈದರೆ ಬೈಯಲಿ, ಬಡಿದರೆ ಬಡಿಯಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು.

“ನನ್ನ ಕೈಯಾಗ ಯಾವ ಗುಣಾನೂ ಇಲ್ರವ್ವಾ,” ಎಂದಳು. “ನಿಮ್ಮ ಕೂಸುಗಳಿಗೆ ನಾ ದಿನಾ ಅಫೀಮು ತಿನಿಸಾಕತ್ತಿದ್ದೆ.”

ಯಾರೂ ಕೂಗಾಡಲಿಲ್ಲ. ಯಾರೂ ಎದೆ ಬಡಿದುಕೊಳ್ಳಲಿಲ್ಲ. ಹೆಂಗಸರು ಸೊಂಟದ ಕೂಸುಗಳನ್ನು ಸರಿಯಾಗಿ ಎತ್ತಿಕೊಂಡು ನಿಂತರು, ಬೇಗ ಮುಗಿಯಲಿ ಎನ್ನುವವರ ಹಾಗೆ.

“ಗೊತ್ತೈತ್ರಿ ಆಯಿ,” ಎಂದಳು ದೇವಕ್ಕ. ಈ ಸಲ ಅವಳು ನಗಿಸುವ ದನಿಯಲ್ಲಿ ಮಾತಾಡಲಿಲ್ಲ. “ನಮ್ಮವ್ವ ನನಗೂ ಹಾಕ್ಯಾಳ. ನಾ ಬದಕಿಲ್ಲೇನು?”

“ಗೊತ್ತಿದ್ರ ಕೈಗುಣ ಕೈಗುಣ ಅಂತ ಯಾಕ ಅಂತಿದ್ರಿ?”

“ಹಂಗಂದ್ರ ನಿಮಗ ಸಮಾಧಾನ ಆಗತಿತ್ತು. ಕೂಸುಗಳನ್ನ ಜ್ವಾಕಿಲೆ ನೋಡಕೋತಿದ್ರಿ. ನಮಗೂ ಹೊತ್ತು ಹೋಗತಿತ್ತು.” ದೇವಕ್ಕ ಮಗಳನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದಳು. “ಅಂಜಿಕಿ ಬಂದಿದ್ರ ಇವತ್ತ ಸ್ವಲ್ಪ ಕಡಿಮಿ ಹಾಕ್ರಿ.”

ಸತ್ಯವ್ವ ಬಾಗಿಲು ಹಿಡಿದುಕೊಂಡಳು. ತಾನೊಬ್ಬಳೇ ಎಲ್ಲರನ್ನೂ ಮಲಗಿಸಿದ್ದೇನೆ ಎಂದುಕೊಂಡಿದ್ದವಳಿಗೆ, ತನಗೂ ದಿನ ಬೆಳಗಾದರೆ ಒಂದು ಚೂರು ತಿನ್ನಿಸುತ್ತಿದ್ದರು ಎಂಬುದು ತಿಳಿಯಿತು. ಅಷ್ಟರಲ್ಲಿ ಭೋಂಗಾ ಕೂಗಿತು. ದೇವಕ್ಕ ಅವಳ ಪಕ್ಕದಿಂದ ಬಗ್ಗಿ ಒಳಗೆ ಹೋಗಿ ಬರಿ ನೆಲದ ಮೇಲೆ ಮಗಳನ್ನು ಮಲಗಿಸಿ ಹೊರಗೆ ಬಂದಳು. ಉಳಿದವರೂ ಹಾಗೇ ಮಾಡಿದರು. ಯಾರೂ ಅವಳನ್ನು ತಳ್ಳಲಿಲ್ಲ, ಯಾರೂ ಅವಳ ಮುಖ ನೋಡಲಿಲ್ಲ. ಓಣಿಯಲ್ಲಿ ಅವರ ಹೆಜ್ಜೆಗಳು ದೂರವಾದವು.

ರೇಣವ್ವ ಒಳಗಿನಿಂದ ಬಂದಳು. ಸೆರಗು ಸಿಕ್ಕಿಸಿಕೊಂಡು, ರೊಟ್ಟಿಯ ಗಂಟು ಹಿಡಿದುಕೊಂಡು ಗಿರಣಿಗೆ ಹೊರಟು ನಿಂತಿದ್ದಳು. ಬೀರ್ಯಾ ಎಚ್ಚರಿದ್ದ. ತಾಯಿ ಹೊರಡುವುದು ಗೊತ್ತಾಗಿ ಅವನ ತುಟಿ ಆಗಲೇ ಅದುರುತ್ತಿತ್ತು. ಅವಳು ಅವನನ್ನು ಸತ್ಯವ್ವನ ಕೈಗೆ ಕೊಟ್ಟಳು.

“ಇವತ್ತ ನಾ ಏನೂ ಹಾಕಿಲ್ಲಬೇ ಯವ್ವಾ,” ಎಂದಳು. “ನೀನ ಹಾಕು.”